ಅಂಗೈ ಅಗಲದ ಪರದೆ

ಊರಿಗಾಂ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಬಂಗಾರಪೇಟೆಯ ರೈಲಿಗೆ ಕಾಯುವವರಲ್ಲಿ ಆದಿಲಕ್ಷ್ಮಿಯನ್ನು ಅರಿಯದವರು ಕಡಿಮೆ. ಅರಿತವರೆಲ್ಲ ಅವಳ ಬಗ್ಗೆ ಹೇಳುತ್ತಿದ್ದ ಮಾತು ಹೆಚ್ಚುಕಡಿಮೆ ಒಂದೇ: ಮಾತಾಡುವಾಗ ತಲೆ ತಗ್ಗಿಸುತ್ತಾಳೆ, ಯಾರಾದರೂ ಕೂಗಿದರೆ ಕಣ್ಣನ್ನಷ್ಟೇ ಹೊರಳಿಸದೆ ಇಡೀ ತಲೆಯನ್ನೇ ತಿರುಗಿಸಿ ನೋಡುತ್ತಾಳೆ, ಥೇಟ್ ಅವರಪ್ಪನ ಹಾಗೆ.

ಅಪ್ಪ ಸೀನಪ್ಪನವರು ಕೆಜಿಎಫಿನ ಚಿನ್ನದ ಗಣಿಯಾದ ಮೈಸೂರು ಮೈನ್ಸಿನಲ್ಲಿ ಸುರಂಗದ ಸೂರಿಗೆ ಮರದ ಆಸರೆ ಕೊಡುವ ಕೆಲಸದಲ್ಲಿದ್ದವರು. ಟೋಪಿಗೆ ದೀಪ ಸಿಕ್ಕಿಸಿಕೊಂಡು ನೆಲದಡಿ ದುಡಿದವರಿಗೆ ಎರಡು ಅಭ್ಯಾಸಗಳು ಮೈಗೂಡುತ್ತವೆ. ದೀಪ ಹಣೆಯ ಮೇಲಿರುವುದರಿಂದ ಏನನ್ನು ನೋಡಬೇಕೆಂದರೂ ತಲೆಯನ್ನೇ ತಿರುಗಿಸಬೇಕು. ಎದುರಿಗೆ ಮನುಷ್ಯ ಬಂದರೆ ಅವನ ಕಣ್ಣಿಗೆ ಬೆಳಕು ಹೊಡೆಯದಂತೆ ತಲೆ ತಗ್ಗಿಸಬೇಕು. ಗಣಿ ಮುಚ್ಚಿ ಎರಡು ದಶಕಗಳ ಮೇಲಾಯಿತು. ಕಂಪನಿಯ ಲೈನ್ ಮನೆಯ ಬಾಗಿಲಲ್ಲಿ ಕುಳಿತ ಸೀನಪ್ಪನವರು ಇಂದಿಗೂ ಇಲ್ಲದ ದೀಪವನ್ನು ತಗ್ಗಿಸಿಯೇ ಮಾತಾಡುತ್ತಾರೆ. ಮಗಳಿಗೂ ಅದೇ ಚಾಳಿ ಬಂದಿದೆಯೆಂದು ಅಕ್ಕಪಕ್ಕದವರು ನಕ್ಕರು, ಗಂಡ ಸುಬ್ರಮಣಿ ನಕ್ಕರು, ಆದಿಲಕ್ಷ್ಮಿ ತಾನೂ ನಕ್ಕಳು. ಹೀಗಾಗಿ ಅವಳ ಕಣ್ಣಿನ ಕಾಯಿಲೆ ಬಹಳ ಕಾಲ ಯಾರ ಗಮನಕ್ಕೂ ಬರಲಿಲ್ಲ.

ಅದು ಗೊತ್ತಾದದ್ದು ಒಂದು ಆಹ್ವಾನ ಪತ್ರಿಕೆಯಿಂದ.

ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ವೆಂಕಟೇಶಪ್ಪನವರ ಮುದ್ರಣಾಲಯವಿದೆ. ಒಳಗೆ ಒಂದು ಆಫ್‌ಸೆಟ್ ಯಂತ್ರ, ಅದನ್ನು ನಡೆಸಲು ಚಿರಂಜೀವಿ ಎಂಬ ಮಾತುಗಾರ, ಕಾಗದದ ರಾಶಿಗಳು, ಮೂಲೆಯಲ್ಲಿ ಒಂದು ಕಂಪ್ಯೂಟರು. ಆ ಕಂಪ್ಯೂಟರಿನ ಮುಂದಿನ ಕುರ್ಚಿ ಇಪ್ಪತ್ತು ವರ್ಷಗಳಿಂದ ಆದಿಲಕ್ಷ್ಮಿಯದು. ಕಾಮಸಮುದ್ರದ ಕಡೆಯವರ ಮದುವೆಯ ಪತ್ರಿಕೆಯಲ್ಲಿ ಒಂದು ಬದಿ ತೆಲುಗು ಇರಬೇಕು, ಕೆಜಿಎಫಿನ ಚಾಂಪಿಯನ್ ರೀಫಿನವರದ್ದಾದರೆ ತಮಿಳು ಇರಬೇಕು, ನಡುವೆ ಕನ್ನಡ. ಮೂರು ಲಿಪಿಗಳು ಒಂದೇ ಹಾಳೆಯ ಮೇಲೆ ಒಂದನ್ನೊಂದು ತಳ್ಳದೆ ಕೂರುವಂತೆ ಮಾಡುವುದು ಅವಳಿಗೆ ಬಹಳ ಇಷ್ಟದ ಕೆಲಸ. ಕನ್ನಡದ ಒತ್ತಕ್ಷರ ಕೆಳಗಿನ ಸಾಲಿಗೆ ಎಲ್ಲಿ ಡಿಕ್ಕಿ ಹೊಡೆಯುತ್ತದೆ, ತಮಿಳು ಪದ ಎಷ್ಟು ಉದ್ದ ಚಾಚುತ್ತದೆ ಎಂಬುದೆಲ್ಲ ಅವಳಿಗೆ ಕೈ ನೋಡಿಕೊಂಡಷ್ಟು ಪರಿಚಯ.

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಬೇತಮಂಗಲದ ಚಿಕ್ಕಮುನಿಯಪ್ಪ ಎಂಬವರು ಒಂದು ಪತ್ರಿಕೆಯನ್ನು ಹಿಡಿದುಕೊಂಡು ಮುದ್ರಣಾಲಯಕ್ಕೆ ಬಂದರು. ಅವರ ತಂಗಿಯ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಪತ್ರಿಕೆಗಳನ್ನು ಆಗಲೇ ಊರೆಲ್ಲ ಹಂಚಿ ಆಗಿತ್ತು.

"ಇದ್ರಲ್ಲಿ ನಾನೆಲ್ಲಿದೀನಿ, ತೋರ್ಸಮ್ಮ" ಎಂದರು ಚಿಕ್ಕಮುನಿಯಪ್ಪ.

ಆದಿಲಕ್ಷ್ಮಿ ಹುಡುಕಿದಳು. ಹೆಸರುಗಳ ಪಟ್ಟಿಯ ಕೊನೆಯ ಸಾಲು ಇರಬೇಕಾದ ಕಡೆ ಬರೀ ಬಿಳಿ ಕಾಗದವಿತ್ತು.

"ಊಟಕ್ಕೆ ಬರೋ ಚಿಕ್ಕಪ್ಪನ ಮಗನ ಎಸ್ರೂ ಐತೆ. ತೊಡೆ ಮೇಲೆ ಕೂರಿಸ್ಕೊಂಡು ಕಿವಿ ಚುಚ್ಚಿಸ್ಬೇಕಾದ ಸೋದರಮಾವನ ಎಸ್ರಿಲ್ಲ. ಮಗೀನ ನಿಮ್ ಮಿಷನ್ ಮೇಲೆ ಕೂರ್ಸಿ ಚುಚ್ಚುಸ್ತೀರಾ?"

"ಮಿಷನ್ ಮೇಲೆ ಬ್ಯಾಡಣ್ಣ, ಇಂಕ್ ಅತ್ಕೊಂತದೆ" ಎಂದ ಚಿರಂಜೀವಿ.

"ನೀನ್ ಸುಮ್ಕಿರ್ಲಾ" ಎಂದರು ವೆಂಕಟೇಶಪ್ಪನವರು.

ತಪ್ಪು ಆದದ್ದು ಹೇಗೆಂಬುದನ್ನು ಆದಿಲಕ್ಷ್ಮಿ ಆ ಮಧ್ಯಾಹ್ನವೇ ಕಂಡುಕೊಂಡಳು. ಪುಟ ಕಟ್ಟುವ ತಂತ್ರಾಂಶದಲ್ಲಿ ಅಕ್ಷರಗಳನ್ನು ತುಂಬುವ ಚೌಕಟ್ಟು ಇರುತ್ತದೆ. ಸಾಲುಗಳು ಹೆಚ್ಚಾಗಿ ಚೌಕಟ್ಟಿನಿಂದ ಹೊರಗೆ ಬಿದ್ದರೆ ಬಲಗಡೆಯ ಕೆಳಮೂಲೆಯಲ್ಲಿ ಒಂದು ಚಿಕ್ಕ ಕೆಂಪು ಗುರುತು ಮೂಡಿ ಎಚ್ಚರಿಸುತ್ತದೆ. ಕಡತವನ್ನು ಮತ್ತೆ ತೆರೆದಾಗ ಗುರುತು ಅಲ್ಲೇ ಇತ್ತು. ತಲೆ ತಿರುಗಿಸಿ ನೇರವಾಗಿ ನೋಡಿದರೆ ಕೆಂಪಗೆ ಕಾಣುತ್ತಿತ್ತು. ತಲೆಯನ್ನು ಪುಟದ ನಡುವಿಗೆ ತಂದರೆ ಮಾಯವಾಗುತ್ತಿತ್ತು. ಅವಳು ಹಲವು ಬಾರಿ ಹಾಗೆ ಮಾಡಿ ನೋಡಿದಳು. ಮೊದಲು ಬಂದದ್ದು ಭಯವಲ್ಲ, ಬೆರಗು. ಮೂಲೆ ಎಂಬುದು ಅವಳ ಪಾಲಿಗೆ ಇರಲೇ ಇಲ್ಲ.

ಕಣ್ಣಾಸ್ಪತ್ರೆಯ ವೈದ್ಯೆ ಪರೀಕ್ಷೆಗಳನ್ನೆಲ್ಲ ಮುಗಿಸಿ, ಕೈಯನ್ನು ಕೊಳವೆಯಂತೆ ಸುರುಟಿ ತಮ್ಮ ಕಣ್ಣಿಗೆ ಹಿಡಿದು ತೋರಿಸಿದರು. ಅಂಚಿನಿಂದ ನೋಟ ಸ್ವಲ್ಪಸ್ವಲ್ಪವೇ ಕಿರಿದಾಗುವ, ಹುಟ್ಟಿನಿಂದಲೇ ಬರುವ ತೊಂದರೆ. ನಡುವಿನ ನೋಟ ಬಹಳ ಕಾಲ ಚೆನ್ನಾಗಿಯೇ ಉಳಿಯಬಹುದು. ಸದ್ಯಕ್ಕೆ ಗುಣಪಡಿಸುವ ಮದ್ದಿಲ್ಲ. ರೈಲಿನ ಕಿಟಕಿಯಾಚೆ ಚಿನ್ನ ತೆಗೆದು ಸುರಿದ ಮಣ್ಣಿನ ಬೂದು ಬಣ್ಣದ ಸಯನೈಡ್ ದಿಬ್ಬಗಳು ಯಾಕೆ ಇತ್ತೀಚೆಗೆ ಫಕ್ಕನೆ ಎದ್ದುನಿಂತಂತೆ ಕಾಣುತ್ತವೆ, ಪ್ಲಾಟ್‌ಫಾರಮ್ಮಿನಲ್ಲಿ ಯಾಕೆ ಜನರ ಚೀಲಗಳಿಗೆ ಕಾಲು ತಗಲುತ್ತದೆ ಎಂಬುದು ಅವಳಿಗೆ ಅಲ್ಲಿ ಅರ್ಥವಾಯಿತು.

ಅವಳು ಯಜಮಾನರಿಗೆ ಏನನ್ನೂ ಮುಚ್ಚಿಡಲಿಲ್ಲ. ವೆಂಕಟೇಶಪ್ಪನವರು ಎಲ್ಲವನ್ನೂ ಕೇಳಿಸಿಕೊಂಡರು. ಮಾರನೆಯ ದಿನ ಅಂಗಡಿಗೆ ಬರುವಾಗ ಒಂದು ಹೊಸ ಮೆತ್ತೆ ತಂದು ಕೌಂಟರಿನ ಸ್ಟೂಲಿನ ಮೇಲೆ ಇಟ್ಟರು.

"ಯುಗಾದಿ ಆದ್ಮೇಲೆ ಟೈಪಿಂಗ್‌ಗೆ ಬೇರೆಯವ್ರನ್ನ ಕರ್ಕೊಂತೀನಿ ಕಣಮ್ಮ. ನೀನು ಇಲ್ಲಿ ಕೂತ್ಕೊಂಡು ಆರ್ಡರ್ ನೋಡ್ಕೊ. ಸಂಬಳ ಅದೇ. ನಿನ್ನ ಆಚೆಗಾಕ್ತೀನಿ ಅಂತ ತಿಳ್ಕೊಬ್ಯಾಡ."

ಆದಿಲಕ್ಷ್ಮಿ ಮೆತ್ತೆಯನ್ನು ನೋಡಿದಳು. ಒಳ್ಳೆಯ ಮೆತ್ತೆ, ನೀಲಿ ಹೂವಿನದು. ಒಳ್ಳೆಯ ಮನಸ್ಸಿನಿಂದ ತಂದದ್ದು. ಆದರೂ ಅದರ ಮೇಲೆ ಕೂತರೆ ಮೂರು ಲಿಪಿಗಳ ಪುಟ ಇನ್ನೆಂದಿಗೂ ತನ್ನದಲ್ಲ.

"ಯುಗಾದಿವರ್ಗೂ ಆ ಕುರ್ಚಿ ನಂದೇ ತಾನೆ ಅಣ್ಣಾ?"

"ನಿಂದೇ."

"ಅಷ್ಟ್ ಸಾಕು."

ಯುಗಾದಿಯೊಳಗೆ ಏನು ಮಾಡಬೇಕೆಂಬುದು ಆಗ ಅವಳಿಗೂ ತಿಳಿದಿರಲಿಲ್ಲ. ಅವಳಿಗೆ ನೆನಪಾದವಳು ಹರಿಪ್ರಿಯಾ.

ಹರಿಪ್ರಿಯಾ ದಾವಣಗೆರೆಯ ಕಡೆಯವಳು. ಕೆಜಿಎಫಿನ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ನೌಕರಿ, ಬಾಡಿಗೆ ಮನೆ ಬಂಗಾರಪೇಟೆಯಲ್ಲಿ. ಸಂಜೆ ಕೆಜಿಎಫಿನಿಂದ ಬಂದು ಅಲ್ಲಿಗೇ ಮರಳುವ, ಆದಿಲಕ್ಷ್ಮಿ ಹತ್ತಬೇಕಾದ ರೈಲಿನಿಂದಲೇ ಅವಳು ಇಳಿಯುತ್ತಾಳೆ. ಹಾಗೆ ಬೆಳೆದ ಗೆಳೆತನ, ನಿಲ್ದಾಣದ ಹೊರಗೆ ನಿಂತು ಪಾನಿಪುರಿ ತಿನ್ನುವಷ್ಟರ ಮಟ್ಟಿಗೆ ಬಂದಿತ್ತು. ಹಿಂದೆ ಮುದ್ರಣಾಲಯದ ಕಂಪ್ಯೂಟರಿನ ಹಳೆಯ ವ್ಯವಸ್ಥೆ ಕೈಕೊಟ್ಟಾಗ ಅದಕ್ಕೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಕೊಟ್ಟವಳೂ ಅವಳೇ.

ಆ ಶನಿವಾರ ಹರಿಪ್ರಿಯಾ ಬಂದು, ಯಾರಾದರೂ ಮಾಡುವ ಕೆಲಸವನ್ನೇ ಮೊದಲು ಮಾಡಿದಳು. ಅಕ್ಷರಗಳನ್ನು ಹಿಗ್ಗಿಸಿದಳು, ಚಿತ್ರಗಳನ್ನು ಹಿಗ್ಗಿಸಿದಳು, ಪರದೆಯ ಭೂತಗನ್ನಡಿಯನ್ನು ಚಾಲೂ ಮಾಡಿದಳು.

"ಈಗ ನೋಡ್ರಿ ಅಕ್ಕ, ಹೆಂಗದೆ?"

"ಶ್ರೀ ಕಾಣ್ತದೆ."

"ಶ್ರೀ ಆದಮೇಲೆ?"

"ಆದ್ಮೇಲೆ ಏನೂ ಇಲ್ಲ. ಶ್ರೀ ಒಂದೇ ಪರದೆ ತುಂಬಾ ಕುಂತೈತೆ, ಗೋಡೆಗೆ ಬರ್ದಂಗೆ."

ಆ ಸೋಲಿನ ನಡುವೆ ಆದಿಲಕ್ಷ್ಮಿಯ ಕುತೂಹಲ ಬೇರೊಂದು ಕಡೆ ತಿರುಗಿತು. ಕಂಪ್ಯೂಟರಿಗೆ ಗುಪ್ತಪದ ಕೊಡುವ ಪುಟದಲ್ಲಿ ಒಂದು ಹಲ್ಲುಚಕ್ರದ ಚಿತ್ರವಿತ್ತು. ಹರಿಪ್ರಿಯಾ ಅದನ್ನು ಒತ್ತಿದಾಗ ಒಂದು ಪಟ್ಟಿ ತೆರೆದುಕೊಂಡಿತು. ಅದೇನೆಂದು ಅವಳು ಕೇಳಿದಳು. ಅದು ಡೆಸ್ಕ್‌ಟಾಪ್ ಪರಿಸರಗಳ ಪಟ್ಟಿ ಎಂದಳು ಹರಿಪ್ರಿಯಾ. ಯಂತ್ರ ಒಂದೇ, ಒಳಗಿನ ಕಡತಗಳೂ ಅವೇ. ಆದರೆ ತಂತ್ರಾಂಶಗಳ ಗುಂಡಿಗಳಿರುವ ಪಟ್ಟಿ ಎಲ್ಲಿರಬೇಕು, ಕಿಟಕಿಗಳು ಹೇಗೆ ತೆರೆಯಬೇಕು, ಗಡಿಯಾರ ಎಲ್ಲಿ ಕೂರಬೇಕು ಎಂಬ ಮುಂಗೋಣೆಯ ಏರ್ಪಾಡು ಒಂದೊಂದರಲ್ಲಿ ಒಂದೊಂದು ಬಗೆ. ಬೇಕಾದಷ್ಟನ್ನು ಹಾಕಿಕೊಂಡು, ಒಳಗೆ ಬರುವಾಗ ಒಂದನ್ನು ಆರಿಸಿಕೊಳ್ಳಬಹುದು.

"ಲೈನ್ ಮನೆಗಳಂಗೆ ಅನ್ನು" ಎಂದಳು ಆದಿಲಕ್ಷ್ಮಿ. ಕಂಪನಿ ಕಟ್ಟಿಸಿದ ಮನೆಗಳು ಸಾಲಿಗೆ ಸಾಲು ಒಂದೇ ಅಳತೆಯವು. ಆದರೂ ಒಬ್ಬರು ಬಾಗಿಲ ಎದುರಿಗೇ ದೇವರ ಗೂಡು ಮಾಡಿರುತ್ತಾರೆ, ಪಕ್ಕದವರು ಅದೇ ಜಾಗದಲ್ಲಿ ನೀರಿನ ಡ್ರಮ್ಮು ಇಟ್ಟಿರುತ್ತಾರೆ. "ಎಷ್ಟ್ ಥರ ಅವೆ? ಎಲ್ಲಾ ಆಕು, ನೋಡಣ."

ಹರಿಪ್ರಿಯಾ ನಾಲ್ಕನ್ನು ಹಾಕಿದಳು. ಆಮೇಲಿನ ವಾರಗಳಲ್ಲಿ ಆದಿಲಕ್ಷ್ಮಿ ಕೆಲಸದ ನಡುವೆ ಬಿಡುವಾದಾಗಲೆಲ್ಲ ಒಂದರಿಂದ ಇನ್ನೊಂದಕ್ಕೆ ಹೊಕ್ಕು ಬಂದಳು. ಮನೆ ಬಾಡಿಗೆಗೆ ನೋಡುವವರು ಅಡುಗೆಮನೆ ಎಲ್ಲಿ, ಬಚ್ಚಲು ಎಲ್ಲಿ ಎಂದು ನೋಡಿದ ಹಾಗೆ. ಗ್ನೋಮ್ ಎಂಬುದರಲ್ಲಿ ಪರದೆ ಗುಡಿಸಿಟ್ಟ ಅಂಗಳದಂತೆ ಖಾಲಿ. ಅದು ಅವಳಿಗೆ ಹಿತವೆನಿಸಿತು, ಆದರೆ ಪಟ್ಟಿ ಮೇಲಿನ ಅಂಚಿಗೆ ಅಂಟಿಕೊಂಡಿತ್ತು, ಕೆಳಗೆ ಇಳಿಯಲು ಒಪ್ಪಲಿಲ್ಲ. ಮಾಟೆ ಹಳೆಯ ಕಂಪ್ಯೂಟರಿನ ನೆನಪು ತರುವಂಥದು. ಕೈಗೆ ಎಲ್ಲ ಪರಿಚಿತ, ಕಣ್ಣಿಗೆ ಎಲ್ಲ ಮೂಲೆಯಲ್ಲಿ. ಪ್ಲಾಸ್ಮಾದಲ್ಲಿ ಬದಲಾಯಿಸಲಾಗದ ವಸ್ತುವೇ ಇರಲಿಲ್ಲ. ಯಾವ ಕಿಟಕಿ ಎಲ್ಲಿ, ಎಷ್ಟು ಅಗಲಕ್ಕೆ ತೆರೆಯಬೇಕೆಂದು ಒಮ್ಮೆ ನಿಯಮ ಬರೆದಿಟ್ಟರೆ ಅದು ಮೀರುತ್ತಿರಲಿಲ್ಲ. ಆದರೆ ಅದರ ಪಟ್ಟಿಯೂ ಅಂಚನ್ನು ಬಿಟ್ಟು ಬರದು. ಎಕ್ಸ್‌ಎಫ್‌ಸಿಇ ಸಾದಾ ಸೀದಾ, ಅಲಂಕಾರವಿಲ್ಲ. ಅದರ ಪಟ್ಟಿಯನ್ನು ಮಾತ್ರ ಕಿತ್ತು ಪರದೆಯ ನಟ್ಟನಡುವೆ ಬೇಕಾದರೂ ಇಡಬಹುದಿತ್ತು.

ಪ್ರತಿಯೊಂದರಲ್ಲೂ ಅಕ್ಷರಗಳನ್ನು ದಪ್ಪ ಮಾಡಿಕೊಂಡೇ ನೋಡುತ್ತಿದ್ದಳು. ಯಾವುದೂ ಕೂಡಿಬರಲಿಲ್ಲ. ಶಿವರಾತ್ರಿ ಹತ್ತಿರವಾಯಿತು.

ಒಂದು ಭಾನುವಾರ ಮುಂಜಾನೆ ಅಡುಗೆ ಮಾಡುವಾಗ ಕುಕ್ಕರಿನ ವಿಷಲ್ ಅವಳ ಕೈತಪ್ಪಿ ಉರುಳಿಹೋಗಿ, ಕಿಟಕಿಯಿಲ್ಲದ ಒಳಕೋಣೆಯಲ್ಲಿ ಎಲ್ಲೋ ಬಿತ್ತು. ಅಲ್ಲಿನ ಬಲ್ಬು ಸುಟ್ಟಿತ್ತು. ಆದಿಲಕ್ಷ್ಮಿ ಮೊಬೈಲಿನ ಬೆಳಕು ಹಿಡಿದು, ನೆಲಕ್ಕೆ ಮುಖ ತಾಗುವಷ್ಟು ಬಗ್ಗಿ ತಡಕತೊಡಗಿದಳು. ಸೀನಪ್ಪನವರು ಬಾಗಿಲಿಗೆ ಬಂದು ನಿಂತರು.

"ಅಷ್ಟ್ ಅತ್ರಕ್ಕೋದ್ರೆ ಏನಮ್ಮ ಕಾಣ್ತದೆ? ಇಂದಕ್ಕೆ ಬಾ."

"ಅತ್ರಕ್ಕೋದ್ರೆ ತಾನೆ ಅಪ್ಪಾ ಕಾಣೋದು?"

"ಅತ್ರಕ್ಕೋದ್ರೆ ಬೆಳಕು ಬಟ್ಲಷ್ಟಾಗ್ತದೆ. ಇಂದಕ್ಕೆ ನಿಂತ್ರೆ ಮೊರದಷ್ಟಾಗ್ತದೆ. ಗಣಿಗೆ ಒಸದಾಗಿ ಬಂದೋರೆಲ್ಲ ನಿನ್ನಂಗೆ ಗೋಡೆಗೆ ಮೂಗ್ ತಿಕ್ಕೋರು." ಅವರು ತಮ್ಮ ಟಾರ್ಚನ್ನು ಹೊಸಿಲಿನಿಂದಲೇ ಹಾಯಿಸಿದರು. ಬೆಳಕಿನ ದೊಡ್ಡ ವೃತ್ತದ ಒಂದು ಬದಿಯಲ್ಲಿ, ರಾಗಿ ಡಬ್ಬದ ಪಕ್ಕ, ವಿಷಲ್ ಹೊಳೆಯಿತು. "ಅಗೋ. ಮೊದ್ಲು ದೂರ ನಿಂತು ಎಲ್ಲೈತೆ ಅಂತ ನೋಡ್ಕೊ, ಆಮೇಕೆ ಅತ್ರ ಓಗು."

ಆದಿಲಕ್ಷ್ಮಿ ವಿಷಲನ್ನು ಎತ್ತಿಕೊಳ್ಳಲಿಲ್ಲ. ಅಪ್ಪನ ಕೈಯಿಂದ ಟಾರ್ಚನ್ನು ಇಸಿದುಕೊಂಡು ಗೋಡೆಯ ಹತ್ತಿರ ಹೋದಳು, ವೃತ್ತ ಚಿಕ್ಕದಾಯಿತು. ಹಿಂದೆ ಸರಿದಳು, ದೊಡ್ಡದಾಯಿತು. ಮತ್ತೆ ಮುಂದೆ, ಮತ್ತೆ ಹಿಂದೆ.

"ಏನಮ್ಮ, ಬೇಳೆ ಬೇಯೋದು ಬ್ಯಾಡ್ವಾ?" ಎಂದರು ಸೀನಪ್ಪನವರು.

"ಬೇಯ್ತದೆ ಇರಪ್ಪ."

ಅವಳ ಕಣ್ಣಿಗೆ ಉಳಿದಿದ್ದುದು ಇಂಥದೇ ಒಂದು ವೃತ್ತ. ಎಲ್ಲರೂ, ಅವಳೂ ಸೇರಿ, ನೋಟ ಕೆಟ್ಟವರಿಗೆ ಎಲ್ಲವೂ ದೊಡ್ಡದಾಗಿ ಹತ್ತಿರ ಇರಬೇಕೆಂದು ನಂಬಿದ್ದರು. ವೃತ್ತದೊಳಗೆ ಕಾಣುವುದು ಸ್ಪಷ್ಟವಾಗಿಯೇ ಕಾಣುತ್ತಿದ್ದ ಮೇಲೆ, ದೊಡ್ಡದು ಮಾಡಿದಷ್ಟೂ ಒಳಗೆ ಹಿಡಿಸುವುದು ಕಡಿಮೆಯಾಗುತ್ತಿತ್ತು.

ಸೋಮವಾರ ಮುದ್ರಣಾಲಯಕ್ಕೆ ಹೋದವಳೇ ಪರದೆಯನ್ನು ಮೇಜಿನಿಂದ ಎತ್ತಿ, ಎದುರು ಗೋಡೆಯ ಕಡೆ ಇದ್ದ ಕಾಗದದ ಕಪಾಟಿನ ಮೇಲೆ ಇಡಬೇಕೆಂದಳು. ಕಪಾಟಿಗೂ ಅವಳ ಕುರ್ಚಿಗೂ ನಡುವೆ ಚಿರಂಜೀವಿ ಕಾಗದ ಹೊತ್ತು ಓಡಾಡುವ ದಾರಿ. ಉದ್ದದ ತಂತಿಯನ್ನು ಅವನೇ ಹೊಂದಿಸಿಕೊಟ್ಟ, ಬಾಯಿ ಮಾತ್ರ ಮುಚ್ಚಲಿಲ್ಲ.

"ಏಮಕ್ಕಾ, ಇದು ಕಂಪ್ಯೂಟ್ರಾ, ಟೂರಿಂಗ್ ಟಾಕೀಸಾ? ಇಂಟರ್‌ವೆಲ್ ಯಾವಾಗ?"

"ನೀನು ಅಡ್ಡ ಬಂದಾಗೆಲ್ಲ ಇಂಟರ್‌ವೆಲ್ಲೇ."

ಬಳಿಕ ಅವಳು ತನ್ನ ವೃತ್ತವನ್ನು ಅಳೆದಳು. ಪರದೆಯ ನಡುವೆ ಒಂದು ಚುಕ್ಕೆ ಇಟ್ಟು, ಅದನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತ, ಮೌಸಿನ ಬಾಣವನ್ನು ಅಂಚಿನಿಂದ ಮೆಲ್ಲಗೆ ಒಳಗೆ ತರುವುದು. ಬಾಣ ಕಣ್ಣಿಗೆ ಬಿದ್ದ ಕಡೆ ಗುರುತು ಮಾಡುವುದು. ಎಲ್ಲ ದಿಕ್ಕಿನಿಂದಲೂ ಹಾಗೆ ಮಾಡಿ ಗುರುತುಗಳನ್ನು ಸೇರಿಸಿದಾಗ ಒಂದು ಸೊಟ್ಟ ವೃತ್ತ ಬಂತು, ಎಡಗಡೆ ಸ್ವಲ್ಪ ಚಪ್ಪಟೆ. ಆ ಆಕಾರವನ್ನೇ ಕಪ್ಪು ಹಿನ್ನೆಲೆಯ ಮೇಲೆ ಬೂದುಬಣ್ಣದಲ್ಲಿ ಬರೆದು ಪರದೆಯ ಹಿನ್ನೆಲೆ ಚಿತ್ರವಾಗಿ ಹಾಕಿಕೊಂಡಳು. ಕೆಲಸಕ್ಕೆ ಬೇಕಾದದ್ದೆಲ್ಲ ಆ ಗೆರೆಯೊಳಗೆ ಇರಬೇಕು.

"ಹಂಗಾದ್ರೆ ಒಂದೇ ಪರಿಸರ ಸಾಲದು ಅಕ್ಕ" ಎಂದಳು ಸಂಜೆ ಅಂಗಡಿಗೆ ಬಂದ ಹರಿಪ್ರಿಯಾ. ಅವಳೂ ಈಗ ಕುರ್ಚಿಯ ತುದಿಗೆ ಬಂದಿದ್ದಳು. "ಪಟ್ಟಿ ನಡುವೆ ಬರಬೇಕಂದ್ರೆ ಎಕ್ಸ್‌ಎಫ್‌ಸಿಇ ಬೇಕು. ಕಿಟಕಿಗಳು ಹೇಳಿದ ಜಾಗದಲ್ಲೇ ತೆರೀಬೇಕಂದ್ರೆ ಪ್ಲಾಸ್ಮಾದ ಕಿಟಕಿ ಕಾಯೋನು ಬೇಕು."

"ಇಬ್ರನ್ನೂ ಒಂದೇ ಮನೇಲಿ ಇಡಕ್ಕಾಗಲ್ವಾ?"

"ಇಡಬಹುದು. ಜಗಳ ಆಡ್ತಾರೆ."

ಜಗಳ ನಿಜವಾಗಿಯೂ ಆಯಿತು, ಅದೂ ಅಂಗಡಿಯವರೆಲ್ಲ ಬಳಸುವ ಸಾಮಾನ್ಯ ಖಾತೆಯಲ್ಲಿ. ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿತು. ಪಟ್ಟಿಗಳು ಎರಡಾದವು, ಒಂದರ ಮೇಲೊಂದು ಕೂತವು. ಕಡತ ನೋಡುವ ಕಿಟಕಿ ಎರಡು ಬಗೆ, ಬರೆಯುವ ಕಿಟಕಿ ಎರಡು ಬಗೆ, ಸೆಟ್ಟಿಂಗುಗಳ ಪುಟ ಎರಡು. ಬೆಳಿಗ್ಗೆ ಮೊದಲು ಬಂದು ಕಂಪ್ಯೂಟರ್ ಹಾಕಿದವನು ಚಿರಂಜೀವಿ.

"ಅಕ್ಕಾ, ಏಮಿ ಚೇಸಿನಾವು, ಏನ್ ಮಾಡ್ಬುಟ್ಟೆ? ಕಂಪ್ಯೂಟ್ರಿಗೆ ಅಮಾಸೆ ಬಡ್ದೈತೆ. ಕಪ್ಪು ಹಾಳೆ ಮೇಲೆ ಕಪ್ಪು ಅಕ್ಷರ ಬರ್ತೈತೆ."

ಅದಕ್ಕಿಂತ ದೊಡ್ಡ ಪೆಟ್ಟು ಮಧ್ಯಾಹ್ನ ಬಿತ್ತು. ಗೃಹಪ್ರವೇಶದ ಪತ್ರಿಕೆಯೊಂದನ್ನು ಶುರು ಮಾಡಿದಾಗ ಕನ್ನಡ ಬರಲೇ ಇಲ್ಲ. ಯಾವ ಕೀಲಿ ಒತ್ತಿದರೂ ಇಂಗ್ಲಿಷ್ ಅಕ್ಷರಗಳೇ ಬಿದ್ದವು. ವೆಂಕಟೇಶಪ್ಪನವರು ಹಿಂದೆ ಬಂದು ನಿಂತದ್ದು ಅವಳಿಗೆ ಕಾಣಲಿಲ್ಲ, ಉಸಿರು ಕೇಳಿಸಿತು.

"ಇದ್ಯಾಕಮ್ಮ ಬೇಕಿತ್ತು?" ಎಂದು ಅವರು ಮೆಲ್ಲಗೆ ಕೇಳಿದರು. ಗದರಿದ್ದರೆ ಆದಿಲಕ್ಷ್ಮಿಗೆ ಅಷ್ಟು ನೋಯುತ್ತಿರಲಿಲ್ಲ.

ಗೃಹಪ್ರವೇಶದವರು ಪತ್ರಿಕೆಗೆ ಒಂದು ದಿನ ತಡವಾಗಿ ಬರಲು ಒಪ್ಪಿದರು. ಸಂಜೆ ಹರಿಪ್ರಿಯಾ ರೈಲಿನಿಂದ ನೇರವಾಗಿ ಅಂಗಡಿಗೆ ಬಂದು ಕಾರಣ ಹುಡುಕಿದಳು. ಕನ್ನಡ ಕೀಲಿಗಳನ್ನು ಒದಗಿಸುವ ಒಂದು ಪುಟ್ಟ ಸಹಾಯಕ ತಂತ್ರಾಂಶವಿದೆ. ಮೊದಲಿದ್ದ ಪರಿಸರ ಅದನ್ನು ದಿನವೂ ತಾನೇ ಎಬ್ಬಿಸುತ್ತಿತ್ತು. ಈ ಬೆರಕೆಯಲ್ಲಿ ಅದನ್ನು ಎಬ್ಬಿಸುವವರು ಯಾರೂ ಇಲ್ಲ.

"ಇಬ್ರು ವಾರಗಿತ್ತಿಯರಿರೋ ಮನೇಲಿ ಹಾಲು ಉಕ್ಕಿದಂಗಾಯ್ತು" ಎಂದಳು ಆದಿಲಕ್ಷ್ಮಿ. "ಅವಳು ನೋಡ್ತಾಳೆ ಅಂತ ಇವಳು, ಇವಳು ನೋಡ್ತಾಳೆ ಅಂತ ಅವಳು."

"ಹೌದು ನೋಡ್ರಿ. ಈಗ ಯಾರು ಏನು ಮಾಡಬೇಕು ಅಂತ ನಾವೇ ಹೇಳಬೇಕು. ಮತ್ತೆ ಈ ಪ್ರಯೋಗ ಎಲ್ಲಾ ಬೇರೆ ಖಾತೇಲಿ ಮಾಡೋಣ. ತಪ್ಪು ನಂದು, ಮೊದಲೇ ಹಂಗೆ ಮಾಡಬೇಕಿತ್ತು."

ಅಂಗಡಿಯ ಖಾತೆಯನ್ನು ಇದ್ದ ಹಾಗೆ ಸರಿಪಡಿಸಿದರು. ಆದಿಲಕ್ಷ್ಮಿಯ ಹೆಸರಿನಲ್ಲಿ ಪ್ರತ್ಯೇಕ ಖಾತೆ ತೆರೆದರು. ಈ ಬಾರಿ ಅವಳು ಅವಸರ ಪಡಲಿಲ್ಲ. ಒಂದೊಂದೇ ವಸ್ತುವನ್ನು ಒಳಗೆ ತಂದು, ಒಂದು ದಿನ ಅದರೊಡನೆ ಕೆಲಸ ಮಾಡಿ, ಜಗಳವಿಲ್ಲವೆಂದು ಕಂಡ ಮೇಲೆ ಮುಂದಿನದಕ್ಕೆ ಕೈಹಾಕಿದಳು. ಎಕ್ಸ್‌ಎಫ್‌ಸಿಇಯೇ ಮನೆ. ಅದರ ಸ್ವಂತ ಕಿಟಕಿ ಕಾಯುವವನನ್ನು ಕೆಲಸದಿಂದ ಇಳಿಸಿ ಪ್ಲಾಸ್ಮಾದವನನ್ನು ಆ ಜಾಗಕ್ಕೆ ನೇಮಿಸಿದ್ದಾಯಿತು. ಕಡತಗಳನ್ನು ನೋಡಲು ಗ್ನೋಮಿನ ಖಾಲಿಖಾಲಿ ಕಿಟಕಿ. ಕನ್ನಡ ಕೀಲಿಗಳನ್ನು ಬೆಳಿಗ್ಗೆ ಎಬ್ಬಿಸುವ ಕೆಲಸ ಎಕ್ಸ್‌ಎಫ್‌ಸಿಇಗೆ. ಅಕ್ಷರಗಳನ್ನು ಹಿಗ್ಗಿಸುವ ಬದಲು ಕುಗ್ಗಿಸಿದಳು. ಪುಟದ ಕಿಟಕಿ ವೃತ್ತದೊಳಗೆ ಪೂರ್ತಿ ಕೂತಿತು. ಅದರ ಬುಡದಲ್ಲೇ, ಪರದೆಯ ನಡುಮಧ್ಯದಲ್ಲಿ, ಗೇಣುದ್ದದ ಪಟ್ಟಿ ನಿಂತಿತು. ಒತ್ತಕ್ಷರವೊಂದನ್ನು ಹತ್ತಿರದಿಂದ ನೋಡಬೇಕೆನಿಸಿದರೆ ಎರಡು ಕೀಲಿ ಒತ್ತಿದಾಗ ಅದು ಮುಂದೆ ಬಂದು, ಬಿಟ್ಟಾಗ ಹಿಂದೆ ಹೋಗುವಂತೆ ಮಾಡಿಕೊಂಡಳು. ಮೊದಲು ದೂರದಿಂದ, ಆಮೇಲೆ ಹತ್ತಿರ. ವೃತ್ತದ ಹೊರಗೆಲ್ಲ ಕಪ್ಪು.

ಯುಗಾದಿಗೆ ಕೆಲವೇ ದಿನಗಳಿದ್ದಾಗ ಚಿಕ್ಕಮುನಿಯಪ್ಪ ಮತ್ತೆ ಬಂದರು. ಈ ಸಲ ಅವರ ಮಗಳದೇ ಮದುವೆ. ಇನ್ನೊಂದು ಮುದ್ರಣಾಲಯಕ್ಕೆ ಹೋಗದೆ ಇಲ್ಲಿಗೇ ಬಂದದ್ದು ವಿಶ್ವಾಸದಿಂದಲೋ, ಹಳೆಯ ತಪ್ಪಿನ ನೆಪದಲ್ಲಿ ದರ ಇಳಿಸಬಹುದೆಂದೋ ಯಾರಿಗೂ ಸ್ಪಷ್ಟವಿರಲಿಲ್ಲ.

"ಮುಗಿಯೋಗಂಟ ನಾನಿಲ್ಲೇ ಕೂತ್ಕೊಂತೀನಿ" ಎಂದರು ಅವರು.

"ಕೂತ್ಕೊ ಅಣ್ಣ. ಮಧ್ಯಕ್ಕೆ ಮಾತ್ರ ಬರ್ಬ್ಯಾಡ."

ಅವರು ಕಪಾಟಿನ ಮೇಲಿನ ಪರದೆಯನ್ನು ನೋಡಿದರು, ದೂರದಲ್ಲಿ ಕೂತ ಅವಳನ್ನು ನೋಡಿದರು. "ಇಷ್ಟ್ ದೊಡ್ಡ ಪರದೆ ಇಟ್ಕೊಂಡು ಅಂಗೈ ಅಗಲದಲ್ಲಿ ಬರೀತೀಯಲ್ಲಮ್ಮ."

"ಅಂಗೈನಲ್ಲಿ ಎ‌ಲ್ಲಾ ಇಡಿಸ್ತದೆ, ಎಸ್ರುಗಳ್ನ ಏಳ್ತಾ ಓಗು."

ಚಿಕ್ಕಮುನಿಯಪ್ಪ ಹೇಳತೊಡಗಿದರು. ಹೇಳಿ ಮುಗಿಯಿತೆನ್ನುವಷ್ಟರಲ್ಲಿ ಬೇತಮಂಗಲದಿಂದ ಹೆಂಡತಿಯ ಫೋನು ಬಂತು. ಇನ್ನೆರಡು ಹೆಸರು ಸೇರಿದವು. ಅವರ ದೊಡ್ಡಪ್ಪನ ಕಡೆಯವರು ಬಿಟ್ಟುಹೋದರೆಂದು ಮತ್ತೊಂದು ಫೋನು. ವೆಂಕಟೇಶಪ್ಪನವರು ಕೌಂಟರಿನಿಂದ ಇತ್ತಲೇ ನೋಡುತ್ತಿದ್ದರು. ನೀಲಿ ಹೂವಿನ ಮೆತ್ತೆಯ ಸ್ಟೂಲು ಅವರ ಪಕ್ಕದಲ್ಲಿ ಖಾಲಿಯಾಗಿತ್ತು. ಆದಿಲಕ್ಷ್ಮಿಯ ಬೆರಳುಗಳು ಓಡುತ್ತಿದ್ದವು. ಇದ್ದಕ್ಕಿದ್ದಂತೆ ನಿಂತವು.

"ಅಣ್ಣಾ, ತಡಿ. ಒಂದು ಸಾಲು ಚೌಕಟ್ಟಿನಾಚೆ ಬಿತ್ತು."

ಪುಟದ ಬಲಗಡೆಯ ಕೆಳಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು ಕೆಂಪು ಗುರುತು ಮೂಡಿತ್ತು. ವೃತ್ತದ ಗೆರೆಗಿಂತ ಅದು ಸಾಕಷ್ಟು ಒಳಗಿತ್ತು. ವೆಂಕಟೇಶಪ್ಪನವರು ಎದ್ದು ಬಂದು, ಕಪಾಟಿನ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು ನೋಡಿದ ಮೇಲೆ ಅವರಿಗೂ ಕಂಡಿತು.

"ಯಾರ ಸಾಲು ಬಿದ್ದಿದ್ದು?" ಎಂದು ಚಿಕ್ಕಮುನಿಯಪ್ಪ ಕೇಳಿದರು.

"ಉಡುಗಿ ಸೋದರಮಾವಂದು."

"ನನ್ ಬಾಮೈದಂದಾ? ಬುಡು, ಬಿದ್ರೆ ಬೀಳ್ಲಿ." ಕೈಯಲ್ಲಿದ್ದ ಫೋನಿನ ಕಡೆ ನೋಡಿದರು. "ಬ್ಯಾಡ ಬ್ಯಾಡ, ಆಕಮ್ಮ. ನಾನು ಮನೆಗೋಗ್ಬೇಕು."

ಆದಿಲಕ್ಷ್ಮಿ ಸಾಲುಗಳ ನಡುವಿನ ಅಂತರವನ್ನು ಕೂದಲೆಳೆಯಷ್ಟು ಬಿಗಿ ಮಾಡಿದಳು. ಬಿದ್ದಿದ್ದ ಸಾಲು ಒಳಗೆ ಬಂದು ಕೂತಿತು, ಕೆಂಪು ಗುರುತು ಅಳಿಯಿತು. ಎರಡು ಕೀಲಿ ಒತ್ತಿ ಬಾಮೈದನ ಹೆಸರನ್ನು ಮುಂದಕ್ಕೆ ತಂದು ಒಮ್ಮೆ ಓದಿ, ಹಿಂದಕ್ಕೆ ಕಳಿಸಿದಳು.

ಚಿಕ್ಕಮುನಿಯಪ್ಪ ಕರಡು ಹಾಳೆ ತೆಗೆದುಕೊಂಡು ಹೋದ ಮೇಲೆ ವೆಂಕಟೇಶಪ್ಪನವರು, "ಏಳಮ್ಮ, ನಾನೊಂದ್ ಸಲ ಕೂತ್ಕೊಂತೀನಿ" ಎಂದು ಅವಳ ಕುರ್ಚಿಯಲ್ಲಿ ಕೂತರು. ಪಟ್ಟಿಗಾಗಿ ಪರದೆಯ ಕೆಳಗೆ ಹುಡುಕಿದರು, ಮೇಲೆ ಹುಡುಕಿದರು. ಬಾಣ ಕಪ್ಪಿನೊಳಗೆ ಎಲ್ಲೋ ಅಲೆದಾಡಿತು. ಅಕ್ಷರಗಳು ಅವರಿಗೆ ಇರುವೆ ಸಾಲಿನಂತೆ ಕಂಡವು.

"ಇದ್ರಲ್ಲಿ ಬೇರೆಯವ್ರು ಕೆಲ್ಸ ಮಾಡಕ್ಕಾಗಲ್ವಲ್ಲಮ್ಮ. ನೀನು ರಜಾ ಆಕಿದ್ ದಿನ ಏನ್ ಗತಿ?"

ಆದಿಲಕ್ಷ್ಮಿ ಅವರ ಭುಜದ ಮೇಲಿಂದ ಕೈ ಚಾಚಿ ತನ್ನ ಖಾತೆಯಿಂದ ಹೊರಬಂದಳು. ಗುಪ್ತಪದದ ಪುಟ ಬಂತು. ಅಂಗಡಿಯ ಖಾತೆಯನ್ನು ಆರಿಸಿದಳು. ವೆಂಕಟೇಶಪ್ಪನವರ ಹಳೆಯ ಪರದೆ, ಅವರ ಮನೆದೇವರ ಚಿತ್ರ, ಕೆಳಗಿನ ಪಟ್ಟಿ, ಮೂಲೆಯ ಗಡಿಯಾರ, ಎಲ್ಲ ಬಿಟ್ಟಲ್ಲೇ ಇದ್ದವು.

"ಇದು ನಿಮ್ದು. ಅದು ನಂದು. ಒಳಗಿರೋ ಪತ್ರಿಕೆಗಳು ಎರಡ್ರಲ್ಲೂ ಸಿಕ್ತವೆ."

"ಮುಂದಕ್ಕೆ? ಕಣ್ಣು ಇನ್ನೂ ಚಿಕ್ಕದಾದ್ರೆ?" ಅವರು ಈ ಪ್ರಶ್ನೆಯನ್ನು ಪರದೆಯನ್ನು ನೋಡುತ್ತಲೇ ಕೇಳಿದರು.

"ಆಗ ಗೆರೆ ಇನ್ನೊಂದ್ ಸಲ ಬರ್ಕೊಂತೀನಿ ಅಣ್ಣಾ. ಪಟ್ಟಿ ಇನ್ನೂ ಒಳಕ್ ಬರ್ತದೆ, ನೋಡಿವ್ನಿ." ಅವಳ ದನಿಯಲ್ಲಿ ದುಃಖಕ್ಕಿಂತ ಅಳತೆಯ ಲೆಕ್ಕವೇ ಹೆಚ್ಚಾಗಿತ್ತು. "ಗೋಡೆವರ್ಗೂ ಜಾಗ ಐತೆ. ಪರದೆ ಇನ್ನೂ ಇಂದಕ್ಕೆ ಓಯ್ತದೆ."

ವೆಂಕಟೇಶಪ್ಪನವರು ಕುರ್ಚಿಯಿಂದ ಎದ್ದರು. ಕೌಂಟರಿಗೆ ಹೋಗಿ ಸ್ಟೂಲಿನ ಮೇಲಿದ್ದ ಮೆತ್ತೆಯನ್ನು ಎತ್ತಿಕೊಂಡರು, ಎರಡು ತಟ್ಟು ತಟ್ಟಿ ಧೂಳು ಹಾರಿಸಿದರು.

"ಲೋ ಚಿರಂಜೀವಿ, ಇದ್ನ ಆ ಕುರ್ಚಿಗೆ ಆಕ್ಲಾ. ಮರದ್ ಕುರ್ಚಿ, ಎಷ್ಟೊತ್ತೂಂತ ಕೂತ್ಕೊಂತಾಳೆ."

ಚಿರಂಜೀವಿ ಮೆತ್ತೆ ಹಿಡಿದುಕೊಂಡು ಪರದೆಗೂ ಕುರ್ಚಿಗೂ ನಡುವೆ ಬಂದ.

"ಅಡ್ಡ ಬಂದೆ" ಎಂದಳು ಆದಿಲಕ್ಷ್ಮಿ.

"ಇಂಟರ್‌ವೆಲ್ಲು ಅಕ್ಕಾ" ಎಂದು ಅವನು ಮೆತ್ತೆ ಹಾಸಿದ.

ಅವಳು ಅದರ ಮೇಲೆ ಕೂತು ತನ್ನ ಖಾತೆಗೆ ಮರಳಿದಳು. ಒಂದು ಬೆರಳಷ್ಟು ಎತ್ತರ ಹೆಚ್ಚಾಗಿತ್ತು. ವೃತ್ತ ಪುಟದ ನಡುವಿನಿಂದ ಸ್ವಲ್ಪ ಮೇಲಕ್ಕೆ ಸರಿದಂತಾಯಿತು. ಅವಳು ಪಟ್ಟಿಯನ್ನೂ ಕಿಟಕಿಯನ್ನೂ ಅಷ್ಟೇ ಮೇಲಕ್ಕೆ ಎತ್ತಿಕೊಂಡು, ಮಧ್ಯಾಹ್ನದೊಳಗೆ ಮುಗಿಸಬೇಕಿದ್ದ ತಮಿಳು ಪತ್ರಿಕೆಯ ಕಡತವನ್ನು ತೆರೆದಳು.